ಹೀಮ್ ಒಡೆಯುವ ಕಿಣ್ವ, ಗಟ್ಟಿಯಾಗುವ ರಕ್ತನಾಳ

ಜಪಾನಿನ ಕನಜಾವಾದ ವೈದ್ಯರು 1999ರಲ್ಲಿ ಒಬ್ಬ ಹುಡುಗನ ಕಾಯಿಲೆಯ ವರದಿ ಪ್ರಕಟಿಸಿದರು. ಹುಡುಗನ ಬೆಳವಣಿಗೆ ಕುಂಠಿತವಾಗಿತ್ತು, ಯಕೃತ್ತು ಊದಿಕೊಂಡಿತ್ತು, ಕೆಂಪು ರಕ್ತಕಣಗಳು ಎಡೆಬಿಡದೆ ಒಡೆಯುತ್ತಿದ್ದವು. ರಕ್ತಕಣ ಈ ಪರಿ ಒಡೆದರೆ ಕಣ್ಣು, ಚರ್ಮ ಹಳದಿಗೆ ತಿರುಗಬೇಕು. ಆದರೆ ಅವನ ರಕ್ತದಲ್ಲಿ ಆ ಹಳದಿಯನ್ನು ತರುವ ಬಿಲಿರುಬಿನ್ ತೀರಾ ಕಡಿಮೆಯಿತ್ತು, ಅದರ ಬದಲು ಪ್ಲಾಸ್ಮಾದಲ್ಲಿ ಹಿಮೋಗ್ಲೋಬಿನ್ನಿನ ಭಾಗವಾದ ಹೀಮ್ ತುಂಬಿಕೊಂಡಿತ್ತು. ಹೀಮನ್ನು ಒಡೆಯುವ ಕಿಣ್ವದ ಜೀನ್ ಅವನಲ್ಲಿ ಎರಡೂ ಕಡೆಯಿಂದ ಕೆಟ್ಟಿತ್ತು. ತಾಯಿಯಿಂದ ಬಂದ ಪ್ರತಿಯಲ್ಲಿ ಒಂದು ದೋಷ, ತಂದೆಯಿಂದ ಬಂದುದರಲ್ಲಿ ಇನ್ನೊಂದು. ಆರನೇ ವಯಸ್ಸಿನಲ್ಲಿ ಹುಡುಗ ತೀರಿಕೊಂಡ. ಶವಪರೀಕ್ಷೆಯ ವಿವರ 2002ರಲ್ಲಿ ಹೊರಬಂತು: ಮಹಾಪಧಮನಿಯ ಒಳಗೋಡೆಯಲ್ಲಿ ಕೊಬ್ಬಿನ ಗೆರೆಗಳಿದ್ದವು, ಜೊತೆಗೆ ಪ್ಲೇಕ್ ಎಂಬ ನಾರುಗಟ್ಟಿದ ಉಬ್ಬು ಕೂಡ. ಕೊಬ್ಬಿನ ಗೆರೆ ಚಿಕ್ಕ ಮಕ್ಕಳಲ್ಲೂ ಕಾಣಸಿಗುತ್ತದೆ, ಅದೇನೂ ಸುದ್ದಿಯಲ್ಲ. ನಾರುಗಟ್ಟಿದ ಪ್ಲೇಕ್ ಮಾತ್ರ ಸಾಮಾನ್ಯವಾಗಿ ದೊಡ್ಡವರಲ್ಲಿ ಕಾಣುವಂಥದ್ದು. ಆರು ವರ್ಷದ ಮಗುವಿನಲ್ಲಿ ಅದು ಇರಬಾರದಿತ್ತು.

ಹೀಮ್ ಆಕ್ಸಿಜಿನೇಸ್ ಎಂಬ ಆ ಕಿಣ್ವಕ್ಕೂ ಅಪಧಮನಿಗಳು ಗಟ್ಟಿಯಾಗುವುದಕ್ಕೂ ಇರುವ ನಂಟಿನ ಬಗ್ಗೆ ಮೂರು ದಶಕಗಳಿಂದ ಬರೆದದ್ದಕ್ಕೆ ಲೆಕ್ಕವಿಲ್ಲ. ಬಹುಪಾಲು ಬರಹಗಳ ಧ್ವನಿ ಒಂದೇ: ಇದು ರಕ್ಷಕ ಕಿಣ್ವ, ಇದನ್ನು ಹೆಚ್ಚಿಸಿದರೆ ರಕ್ತನಾಳ ಉಳಿಯುತ್ತದೆ. ಇಲಿಗಳ ಮಟ್ಟಿಗೆ ಈ ಮಾತಿಗೆ ಗಟ್ಟಿ ಆಧಾರವಿದೆ. ಮನುಷ್ಯರ ವಿಷಯಕ್ಕೆ ಬಂದಾಗ ಸಾಕ್ಷ್ಯ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಟೊಳ್ಳು. ಹೀಮ್ ಎಲ್ಲಿ ಚೆಲ್ಲುತ್ತದೋ ಆ ಜಾಗದಲ್ಲಿ, ಅಂದರೆ ರಕ್ತ ಸೋರಿದ ಪ್ಲೇಕಿನೊಳಗೆ, ಈ ಕಿಣ್ವಕ್ಕೆ ನಿಜವಾದ ಕೆಲಸವಿದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಬರುವ ಅಂಕಿಗಳಿಂದ ಅದನ್ನು ಅಳೆಯಹೋದವರು ಸೋತಿದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಕಿಣ್ವದ ಕೆಲಸವನ್ನು ಕಣ್ಣಾರೆ ನೋಡಬೇಕಾದರೆ ಪ್ರಯೋಗಾಲಯಕ್ಕೇ ಹೋಗಬೇಕಿಲ್ಲ. ಮೊಣಕಾಲಿಗೆ ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ ಜಾಗವನ್ನು ಒಂದು ವಾರ ಗಮನಿಸಿದರೆ ಸಾಕು. ಮೊದಲು ಕಪ್ಪುಮಿಶ್ರಿತ ನೇರಳೆ, ಆಮೇಲೆ ಅಂಚಿನಿಂದ ಶುರುವಾಗುವ ಹಸಿರು, ಕೊನೆಗೆ ಮಾಸಲು ಹಳದಿ. ಚರ್ಮದಡಿ ಸೋರಿದ ಹಿಮೋಗ್ಲೋಬಿನ್ನಿನ ಹೀಮನ್ನು ಅಲ್ಲಿಗೆ ಬಂದ ಭಕ್ಷಕ ಕೋಶಗಳು ಒಡೆಯುತ್ತಿವೆ. ಹಸಿರು ಬಣ್ಣ ಬಿಲಿವರ್ಡಿನ್‌ದು, ಹಳದಿ ಬಿಲಿರುಬಿನ್‌ದು. ಜರ್ಮನಿಯ ರುಡಾಲ್ಫ್ ವಿರ್ಕೋ 1847ರಲ್ಲೇ ಇಂಥ ಹಳೆಯ ರಕ್ತಸ್ರಾವದ ಜಾಗಗಳಲ್ಲಿ ಹಳದಿಗೆಂಪು ಹರಳುಗಳನ್ನು ಕಂಡಿದ್ದ. ಅದನ್ನು ಮಾಡುವ ಕಿಣ್ವ ಯಾವುದೆಂದು ಗೊತ್ತಾಗಲು ಇನ್ನೂ 121 ವರ್ಷ ಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೆನ್ಹುನೆನ್, ಮಾರ್ವರ್, ಶ್ಮಿಡ್ ಸೇರಿ 1968ರಲ್ಲಿ ಅದನ್ನು ಗುರುತಿಸಿದರು.

ಹೀಮ್ ಎಂದರೆ ನಾಲ್ಕು ಸಣ್ಣ ಉಂಗುರಗಳು ಸೇರಿ ಆದ ಒಂದು ದೊಡ್ಡ ಉಂಗುರ, ನಡುವೆ ಒಂದು ಕಬ್ಬಿಣದ ಪರಮಾಣು. ಕಿಣ್ವವು ಮೂರು ಆಮ್ಲಜನಕ ಅಣುಗಳನ್ನು ಖರ್ಚುಮಾಡಿ ಈ ಉಂಗುರವನ್ನು ಒಂದು ನಿಶ್ಚಿತ ಜಾಗದಲ್ಲಿ ಕತ್ತರಿಸುತ್ತದೆ. ಆಗ ಹೊರಬರುವುದು ಮೂರು ವಸ್ತು: ಬಿಲಿವರ್ಡಿನ್, ಕಬ್ಬಿಣ, ಕಾರ್ಬನ್ ಮಾನಾಕ್ಸೈಡ್. ಬಿಲಿವರ್ಡಿನ್ನನ್ನು ಇನ್ನೊಂದು ಕಿಣ್ವ ಕೂಡಲೇ ಬಿಲಿರುಬಿನ್ ಮಾಡುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುದಿಯಾದ ಕಣಗಳ ವಿಲೇವಾರಿಯಿಂದಲೇ ದೊಡ್ಡವರ ದೇಹದಲ್ಲಿ ದಿನಕ್ಕೆ 250ರಿಂದ 300 ಮಿಲಿಗ್ರಾಂ ಬಿಲಿರುಬಿನ್ ಹುಟ್ಟುತ್ತದೆ, 20 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಮರುಬಳಕೆಗೆ ಬರುತ್ತದೆ. ಊಟದಿಂದ ನಾವು ಹೀರಿಕೊಳ್ಳುವ ಕಬ್ಬಿಣ ದಿನಕ್ಕೆ ಬರೀ ಒಂದೆರಡು ಮಿಲಿಗ್ರಾಂ. ಈ ಕಿಣ್ವ ಕೈಕೊಟ್ಟರೆ ರಕ್ತದ ಸಂಸಾರವೇ ನಿಂತುಹೋಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಕಿಣ್ವದಲ್ಲಿ ಎರಡು ಬಗೆ. ಎರಡನೆಯದು ಮಿದುಳು, ವೃಷಣ ಮುಂತಾದ ಕಡೆ ಸದಾ ಒಂದೇ ಮಟ್ಟದಲ್ಲಿರುತ್ತದೆ. ನಮ್ಮ ಕಥೆಗೆ ಬೇಕಾದದ್ದು ಮೊದಲನೆಯದು. ಇದು ಸಾಮಾನ್ಯವಾಗಿ ತೆಪ್ಪಗಿದ್ದು, ಕೋಶಕ್ಕೆ ಕಷ್ಟ ಬಂದಾಗ ಹಲವು ಪಟ್ಟು ಏರುತ್ತದೆ. ಕೀಸ್ ಮತ್ತು ಟಿರೆಲ್ ಎಂಬ ವಿಜ್ಞಾನಿಗಳು 1989ರಲ್ಲಿ ಚರ್ಮದ ಕೋಶಗಳಿಗೆ ಅತಿನೇರಳೆ ಕಿರಣ, ಹೈಡ್ರೋಜನ್ ಪೆರಾಕ್ಸೈಡ್, ಆರ್ಸೆನಿಕ್ ಲವಣ ಕೊಟ್ಟು ನೋಡಿದರು. ಪೆಟ್ಟು ಯಾವುದೇ ಇರಲಿ, ಎದ್ದು ಬಂದದ್ದು ಇದೇ ಪ್ರೋಟೀನ್. ಹೀಮ್ ಕೂಡ ಇದನ್ನು ಎಬ್ಬಿಸುತ್ತದೆ. ಜೀನ್ ಮೇಲೆ ಕುಳಿತು ಅದನ್ನು ಅದುಮಿಟ್ಟಿರುವ ಬ್ಯಾಕ್-1 ಎಂಬ ಪ್ರೋಟೀನಿಗೆ ಹೀಮ್ ಅಂಟಿಕೊಂಡರೆ ಅದು ಜಾಗ ಖಾಲಿ ಮಾಡುತ್ತದೆ, ಎನ್‌ಆರ್‌ಎಫ್-2 ಎಂಬ ಇನ್ನೊಂದು ಬಂದು ಜೀನನ್ನು ಚಾಲೂ ಮಾಡುತ್ತದೆ. ಇಲ್ಲೇ ಒಂದು ತೊಡಕಿದೆ, ಮುಂದೆ ಪದೇ ಪದೇ ಎದುರಾಗುತ್ತದೆ. ಅಂಗಾಂಶದಲ್ಲಿ ಕಿಣ್ವ ಹೆಚ್ಚಿದೆ ಎಂದರೆ ರಕ್ಷಣೆ ಚೆನ್ನಾಗಿದೆ ಎಂದೂ ಆಗಬಹುದು, ಹಾನಿ ಜೋರಾಗಿದೆ ಎಂದೂ ಆಗಬಹುದು.

ಇನ್ನು ರಕ್ತನಾಳದ ಕಡೆಗೆ. ಅಪಧಮನಿ ಗಟ್ಟಿಯಾಗುವುದನ್ನು ನಲ್ಲಿ ಪೈಪಿನೊಳಗೆ ಸುಣ್ಣ ಕಟ್ಟಿದಂತೆ ಎಂದು ಬಹಳ ಜನ ಭಾವಿಸುತ್ತಾರೆ. ಹಾಗಲ್ಲ. ಕೊಬ್ಬು ಸೇರುವುದು ಗೋಡೆಯ ಮೇಲಲ್ಲ, ಗೋಡೆಯೊಳಗೆ. ಕೊಲೆಸ್ಟರಾಲ್ ಹೊತ್ತ ಎಲ್‌ಡಿಎಲ್ ಕಣಗಳು ಒಳಪದರ ದಾಟಿ ಸಿಕ್ಕಿಕೊಂಡು ಆಕ್ಸಿಡೀಕರಣಗೊಳ್ಳುತ್ತವೆ. ಅವನ್ನು ನುಂಗಲು ಬಂದ ಭಕ್ಷಕ ಕೋಶಗಳು ಕೊಬ್ಬು ತುಂಬಿ ನೊರೆಕೋಶಗಳಾಗಿ ಅಲ್ಲೇ ಸಾಯುತ್ತವೆ. ಸುತ್ತ ಉರಿಯೂತ, ಮೇಲೆ ನಾರಿನ ಮುಚ್ಚಳ: ಇದೇ ಪ್ಲೇಕ್. ನಾಳ ಕವಲೊಡೆಯುವ, ತಿರುಗುವ ಕಡೆಗಳಲ್ಲೇ ಪ್ಲೇಕ್ ಹೆಚ್ಚು. ನೇರ ಹರಿವಿರುವಲ್ಲಿ ಒಳಪದರದ ಕೋಶಗಳು ಹರಿವಿನ ಒತ್ತನ್ನು ಅರಿತು ಹೀಮ್ ಆಕ್ಸಿಜಿನೇಸ್ ಸೇರಿದಂತೆ ರಕ್ಷಕ ಜೀನ್‌ಗಳನ್ನು ಹಚ್ಚಿಟ್ಟುಕೊಂಡಿರುತ್ತವೆ. ಸುಳಿ ಏಳುವ ಕಡೆ ಆ ಸೂಚನೆ ಕುಂದುತ್ತದೆ.

ಹೀಮ್ ಇಲ್ಲಿ ಹೇಗೆ ಬಂತು? ಹಂಗೆರಿಯ ಬಾಲ್ಲಾ ಮತ್ತು ಸಹೋದ್ಯೋಗಿಗಳು ಅಮೆರಿಕದ ಮಿನೆಸೋಟಾದಲ್ಲಿ ವರ್ಸೆಲೊಟ್ಟಿ ಜೊತೆ ಮಾಡಿದ ಕೆಲಸ ಇದಕ್ಕೆ ಉತ್ತರ ಕೊಟ್ಟಿತು. ಬಿಡಿ ಹೀಮ್ ಕೊಬ್ಬಿನಲ್ಲಿ ಸಲೀಸಾಗಿ ಕರಗುತ್ತದೆ, ಕೋಶದ ಪೊರೆಗೂ ಎಲ್‌ಡಿಎಲ್ ಕಣಕ್ಕೂ ನುಸುಳುತ್ತದೆ, ಅಲ್ಲಿ ಆಕ್ಸಿಡೀಕರಣಕ್ಕೆ ಕಿಡಿ ಹಚ್ಚುತ್ತದೆ. ವಿಚಿತ್ರವೆಂದರೆ, ಹೀಮ್ ತಾಗಿಸಿದ ಒಳಪದರದ ಕೋಶಗಳು ಮೊದಲ ಕೆಲವು ಗಂಟೆ ತೀರಾ ದುರ್ಬಲವಾಗಿದ್ದು, ಅಷ್ಟು ಹೊತ್ತು ತಾಳಿಕೊಂಡರೆ ಮೊದಲಿಗಿಂತ ಗಟ್ಟಿಯಾಗುತ್ತಿದ್ದವು. ಅಷ್ಟರಲ್ಲಿ ಹೀಮ್ ಆಕ್ಸಿಜಿನೇಸ್ ಏರಿರುತ್ತಿತ್ತು, ಅದು ಬಿಡುಗಡೆ ಮಾಡಿದ ಕಬ್ಬಿಣವನ್ನು ಕೂಡಿಡಲು ಫೆರಿಟಿನ್ ಕೂಡ ಏರಿರುತ್ತಿತ್ತು. 1992ರ ಅವರ ಪ್ರಬಂಧದ ಒತ್ತು ಫೆರಿಟಿನ್ ಮೇಲೆಯೇ. ಈ ಅಂಶವನ್ನು ಆಮೇಲೆ ಬಂದವರು ಅಷ್ಟಾಗಿ ಗಮನಿಸಲಿಲ್ಲ. ಹೀಮನ್ನು ಒಡೆದರೆ ಸಾಲದು, ಹೊರಬಿದ್ದ ಕಬ್ಬಿಣಕ್ಕೆ ಒಂದು ನೆಲೆ ಬೇಕು. ಇಲ್ಲದಿದ್ದರೆ ಕಿಣ್ವ ಒಂದು ವಿಷ ತೆಗೆದು ಇನ್ನೊಂದನ್ನು ಇಟ್ಟಂತೆ.

ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅವು ಬಹುತೇಕ ಒಂದೇ ದನಿಯಲ್ಲಿ ಮಾತಾಡುತ್ತವೆ. ಮನುಷ್ಯರ ಮತ್ತು ಇಲಿಗಳ ಪ್ಲೇಕಿನಲ್ಲಿ ಈ ಕಿಣ್ವ ಇರುವುದು 1998ರ ಹೊತ್ತಿಗೆ ಖಚಿತವಾಯಿತು. ಇಶಿಕಾವಾ ಮತ್ತು ಸಂಗಡಿಗರು 2001ರಲ್ಲಿ, ಹುಟ್ಟಿನಿಂದಲೇ ಕೊಲೆಸ್ಟರಾಲ್ ಹೆಚ್ಚಿರುವ ವಾತಾನಬೆ ಮೊಲಗಳಲ್ಲಿ ಕಿಣ್ವವನ್ನು ತಡೆದಾಗ ಪ್ಲೇಕ್ ಹೆಚ್ಚಾದದ್ದನ್ನು ತೋರಿಸಿದರು. ಅದೇ ವರ್ಷ ತೈವಾನಿನ ತಂಡವೊಂದು ವೈರಸ್ ಮೂಲಕ ಕಿಣ್ವದ ಜೀನನ್ನು ಇಲಿಗಳಿಗೆ ಕೊಟ್ಟು ಪ್ಲೇಕ್ ಕಡಿಮೆ ಮಾಡಿತು. 2003ರಲ್ಲಿ ಕಿಣ್ವವೇ ಇಲ್ಲದ ಇಲಿಗಳಲ್ಲಿ ಪ್ಲೇಕ್ ಉಲ್ಬಣಿಸಿದ್ದು ಕಂಡಿತು, ಅದೂ ಕೊಲೆಸ್ಟರಾಲ್ ಮಟ್ಟ ಅಷ್ಟೇ ಇದ್ದಾಗ. ಕನಜಾವಾದ ಹುಡುಗನಲ್ಲಿ ರಕ್ತದ ಕೊಬ್ಬೂ ಹೆಚ್ಚಿತ್ತಾದ್ದರಿಂದ, ಹಾಗಾದರೆ ಅವನ ಪ್ಲೇಕಿಗೆ ಯಾವುದು ಕಾರಣ ಎಂಬ ಅನುಮಾನ ಉಳಿದಿತ್ತು. ಇಲಿಗಳು ಆ ಅನುಮಾನವನ್ನು ಸಾಕಷ್ಟು ಕಳೆದವು.

ಕಿಣ್ವದ ಮೂರು ಉತ್ಪನ್ನಗಳಲ್ಲಿ ರಕ್ಷಿಸುವುದು ಯಾವುದು? ಮೊದಲು ಅನಿಲದ ಮಾತು. ನಮ್ಮ ದೇಹ ತಾನಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟಿಸುತ್ತದೆ ಎಂದು ಸ್ವೀಡನ್ನಿನ ಶೆಸ್ಟ್ರಾಂಡ್ 1949ರ ಸುಮಾರಿಗೇ ತೋರಿಸಿದ್ದರು. ದಿನಕ್ಕೆ ಸುಮಾರು 10 ಮಿಲಿಲೀಟರ್. ಜಾಸ್ತಿಯಾದರೆ ಕೊಲ್ಲುವ ಈ ಅನಿಲ ಅಲ್ಪ ಪ್ರಮಾಣದಲ್ಲಿ ನಾಳದ ಸ್ನಾಯುಗಳನ್ನು ಸಡಿಲಿಸುತ್ತದೆ, ಉರಿಯೂತ ತಗ್ಗಿಸುತ್ತದೆ. ಆಟರ್‌ಬೈನ್ ತಂಡ 2003ರಲ್ಲಿ, ಬಲೂನು ಹಾಕಿ ನಾಳಕ್ಕೆ ಗಾಯ ಮಾಡುವ ಮುನ್ನ ಇಲಿಗಳಿಗೆ ಹತ್ತು ಲಕ್ಷಕ್ಕೆ 250 ಭಾಗದಷ್ಟು ಅನಿಲವನ್ನು ಉಸಿರಿಗೆ ಕೊಟ್ಟಾಗ ನಾಳ ಮತ್ತೆ ಕಿರಿದಾಗುವುದು ಬಹಳ ಮಟ್ಟಿಗೆ ನಿಂತಿತು. ಅನಿಲವನ್ನು ನಿಧಾನವಾಗಿ ಬಿಡುವ ರಾಸಾಯನಿಕಗಳ ಮೇಲೂ ರಾಶಿ ಪ್ರಬಂಧಗಳು ಬಂದವು. ಆದರೆ ಅವುಗಳಲ್ಲಿ ಹೆಸರುವಾಸಿಯಾದವು ರುಥೇನಿಯಂ ಲೋಹದ ಸಂಯುಕ್ತಗಳು. ಕಂಡ ಪರಿಣಾಮದಲ್ಲಿ ಎಷ್ಟು ಅನಿಲದ್ದು, ಎಷ್ಟು ಲೋಹದ್ದು ಎಂಬ ಪ್ರಶ್ನೆ ಎದ್ದ ಮೇಲೆ ಆ ಸಾಹಿತ್ಯದ ಒಂದು ಭಾಗವನ್ನು ಬದಿಗಿಟ್ಟೇ ಓದಬೇಕಾಗಿದೆ. ಸಿಗರೇಟಿನ ಹೊಗೆಯಲ್ಲೂ ಈ ಅನಿಲ ಇದೆಯಲ್ಲ ಎಂದು ಕೇಳುವವರುಂಟು. ಹೊಗೆಯ ಜೊತೆ ಬರುವ ಉಳಿದ ನೂರಾರು ವಸ್ತುಗಳನ್ನು ನೆನೆದರೆ ಸಾಕು, ಆ ವಾದ ಅಲ್ಲಿಗೇ ಮುಗಿಯುತ್ತದೆ.

ಬಿಲಿರುಬಿನ್ ಕಥೆ ಇದಕ್ಕಿಂತ ರೋಚಕ, ಹೆಚ್ಚು ಪಾಠ ಕಲಿಸುವಂಥದ್ದು. ಅದನ್ನು ಬರೀ ಕಸವೆಂದು ತಿಳಿದಿದ್ದ ಕಾಲದಲ್ಲಿ, 1987ರಲ್ಲಿ, ರೋಲಂಡ್ ಸ್ಟಾಕರ್ ಮತ್ತು ಸಂಗಡಿಗರು ಅದೊಂದು ಪ್ರಬಲ ಆಂಟಿಆಕ್ಸಿಡೆಂಟ್ ಎಂದು ತೋರಿಸಿದರು. 1994ರಲ್ಲಿ ಶ್ವೆರ್ಟ್‌ನರ್ ಹೃದಯನಾಳ ಕಾಯಿಲೆ ಇದ್ದವರಲ್ಲಿ ಬಿಲಿರುಬಿನ್ ಕಡಿಮೆ ಎಂದರು. ಅಲ್ಲಿಂದ ಮುಂದೆ ದೇಶದೇಶಗಳಿಂದ ಅದೇ ಫಲಿತಾಂಶ. ಗಿಲ್ಬರ್ಟ್ ಸಿಂಡ್ರೋಮ್ ಇರುವವರು ಈ ಚರ್ಚೆಯ ನಾಯಕರಾದರು. ನೂರಕ್ಕೆ ಐದರಿಂದ ಹತ್ತು ಮಂದಿಗೆ ಇರುವ ನಿರಪಾಯಕಾರಿ ಗುಣ ಅದು. ಯಕೃತ್ತು ಬಿಲಿರುಬಿನ್ನನ್ನು ಹೊರಹಾಕಲು ಬಳಸುವ ಕಿಣ್ವದ ಜೀನ್ ಅವರಲ್ಲಿ ಸ್ವಲ್ಪ ಮಂದ, ಹಾಗಾಗಿ ರಕ್ತದಲ್ಲಿ ಬಿಲಿರುಬಿನ್ ಸ್ವಲ್ಪ ಹೆಚ್ಚು. ಆರೋಗ್ಯ ತಪಾಸಣೆಯ ಚೀಟಿಯಲ್ಲಿ 1.8 ಎಂದೋ 2.2 ಎಂದೋ ಬಂದು, ಪಕ್ಕದಲ್ಲಿ ನಕ್ಷತ್ರದ ಗುರುತು ಕಂಡು ಗಾಬರಿಯಾಗುವವರು ಹೆಚ್ಚಾಗಿ ಇವರೇ. ಉಪವಾಸ ಮಾಡಿದ ದಿನ ಅಂಕಿ ಇನ್ನಷ್ಟು ಏರುತ್ತದೆ. ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 2006ರಲ್ಲಿ ನೋಡಿದಾಗ ಈ ಜೀನಿನ ಮಂದ ಪ್ರತಿ ಎರಡೂ ಕಡೆಯಿಂದ ಬಂದವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಉಳಿದವರ ಮೂರನೇ ಒಂದರಷ್ಟು ಮಾತ್ರ ಎಂದು ಬಂತು.

ಇಷ್ಟು ಚೆಂದದ ಫಲಿತಾಂಶ ಸಿಕ್ಕಾಗ ಅನುಮಾನ ಪಡುವುದು ಒಳ್ಳೆಯದು. ಡೆನ್ಮಾರ್ಕಿನ ಕೋಪನ್‌ಹೇಗನ್‌ನವರು ಹಾಗೆ ಅನುಮಾನಪಟ್ಟು, ಹತ್ತಾರು ಸಾವಿರ ಜನರ ಜೀನುಗಳನ್ನು ಪರೀಕ್ಷಿಸಿ, 2013ರಲ್ಲಿ ಫಲಿತಾಂಶ ಹೊರಗಿಟ್ಟರು. ಹುಟ್ಟಿನಿಂದ ಬಿಲಿರುಬಿನ್ ಹೆಚ್ಚಿರುವ ಜೀನ್ ಪಡೆದವರಿಗೆ ಹೃದಯಾಘಾತ ಕಡಿಮೆಯೇನೂ ಆಗಿರಲಿಲ್ಲ. ಈ ವಿಧಾನದ ಬಲ ಇರುವುದು ಇಲ್ಲೇ. ಜೀನ್ ಹಂಚಿಕೆಯಾಗುವುದು ಹುಟ್ಟುವ ಮುನ್ನ, ಆದ್ದರಿಂದ ಧೂಮಪಾನ, ಬೊಜ್ಜು, ಉರಿಯೂತ ಇವೆಲ್ಲ ಅದನ್ನು ಕದಲಿಸಲಾರವು. ಆದರೆ ರಕ್ತದ ಬಿಲಿರುಬಿನ್ನನ್ನು ಇವೆಲ್ಲ ಕೆಳಗಿಳಿಸುತ್ತವೆ. ಹಾಗಾಗಿ ಕಾಯಿಲೆಯವರಲ್ಲಿ ಬಿಲಿರುಬಿನ್ ಕಡಿಮೆ ಕಂಡದ್ದು ಬಹುಮಟ್ಟಿಗೆ ಕಾಯಿಲೆಯ ನೆರಳು, ಕಾರಣವಲ್ಲ. ಅಟಾಜನವಿರ್ ಎಂಬ ಎಚ್‌ಐವಿ ಔಷಧಿ ಬಿಲಿರುಬಿನ್ ಏರಿಸುತ್ತದೆ. ಅದನ್ನು ಮಧುಮೇಹಿಗಳಿಗೆ ಕೆಲವೇ ದಿನ ಕೊಟ್ಟು ರಕ್ತನಾಳದ ಹಿಗ್ಗುವ ಶಕ್ತಿ ಸುಧಾರಿಸಿದ್ದನ್ನು 2011ರಲ್ಲಿ ತೋರಿಸಿದ್ದೂ ನಿಜ. ಆದರೆ ನಾಳ ಹಿಗ್ಗುವುದು ಬೇರೆ, ಹೃದಯಾಘಾತ ತಪ್ಪುವುದು ಬೇರೆ.

ಇನ್ನು ಹೀಮ್ ಆಕ್ಸಿಜಿನೇಸ್‌ನ ಜೀನಿನ ಮುಂಭಾಗದಲ್ಲಿ ಎರಡು ಅಕ್ಷರಗಳು ಮತ್ತೆ ಮತ್ತೆ ಬರುವ ಒಂದು ತುಣುಕಿದೆ. ಅದು ಚಿಕ್ಕದಿದ್ದವರಲ್ಲಿ ಕಿಣ್ವ ಬೇಗ ಏಳುತ್ತದೆ, ಉದ್ದವಿದ್ದವರಲ್ಲಿ ನಿಧಾನ. ತೈವಾನಿನ ಮಧುಮೇಹಿಗಳಲ್ಲಿ ಉದ್ದ ತುಣುಕಿಗೂ ಹೃದಯನಾಳ ಕಾಯಿಲೆಗೂ ನಂಟಿದೆ ಎಂದು 2002ರಲ್ಲಿ ಕಂಡಿತು. ಯುರೋಪಿನ ದೊಡ್ಡ ಅಧ್ಯಯನಗಳಲ್ಲಿ ಆ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ. ಈ ದಾರಿಯಲ್ಲಿ ಇನ್ನು ಹೆಚ್ಚು ಸಿಗುತ್ತದೆಂದು ನನಗನಿಸುವುದಿಲ್ಲ.

ನಿಜವಾದ ಫಸಲು ಬೇರೆ ಕಡೆ ಇದೆ. ಭಾರತ ಮೂಲದ ರೋಗಶಾಸ್ತ್ರಜ್ಞೆ ರೇಣು ವಿರ್ಮಾನಿ ಮತ್ತು ಸಂಗಡಿಗರು 2003ರಲ್ಲಿ ಹಠಾತ್ತನೆ ಹೃದಯ ನಿಂತು ಸತ್ತವರ ನಾಳಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಹುಡುಕಿದ್ದು ಗ್ಲೈಕೋಫೋರಿನ್ ಎಂಬ, ಕೆಂಪು ರಕ್ತಕಣದ ಪೊರೆಯಲ್ಲಿ ಮಾತ್ರ ಇರುವ ಪ್ರೋಟೀನನ್ನು. ಕಣ ಒಡೆದು ಎಷ್ಟೋ ಕಾಲವಾದ ಮೇಲೂ ಅದರ ಗುರುತು ಉಳಿದಿರುತ್ತದೆ. ಮುಂದುವರಿದ ಪ್ಲೇಕುಗಳ ಕೊಳೆತ ತಿರುಳಿನ ತುಂಬ ಅದೇ ಬಣ್ಣ, ಪಕ್ಕದಲ್ಲಿ ಕಬ್ಬಿಣದ ಕಲೆ. ಪ್ಲೇಕ್ ಬೆಳೆಯುತ್ತ ಹೋದಂತೆ ಅದಕ್ಕೆ ರಕ್ತ ಉಣಿಸಲು ಹೊರಗಿನಿಂದ ಹೊಸ ನವುರು ನಾಳಗಳು ಒಳಗೆ ಬೆಳೆಯುತ್ತವೆ. ಅವು ಸರಿಯಾಗಿ ಕಟ್ಟಿದವಲ್ಲ, ಸೋರುತ್ತವೆ. ಸೋರಿದ ಪ್ರತಿ ಕೆಂಪುಕಣ ಎರಡು ಹೊರೆ ಹೊತ್ತು ತರುತ್ತದೆ: ಕೊಲೆಸ್ಟರಾಲ್ ತುಂಬಿದ ತನ್ನ ಪೊರೆ, ಮತ್ತು ಹಿಮೋಗ್ಲೋಬಿನ್. ಚರ್ಮದಡಿ ವಾರದಲ್ಲಿ ಮುಗಿಯುವ ಕೆಲಸ ಇಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ಈ ಜಾಗದಲ್ಲಿ ಕಿಣ್ವದ ಪಾತ್ರವನ್ನು ಲಂಡನ್ನಿನ ಜೋಸೆಫ್ ಬಾಯ್ಲ್ ಬಿಡಿಸಿ ತೋರಿಸಿದರು. ರಕ್ತ ಸೋರಿದ ಕಡೆಯ ಭಕ್ಷಕ ಕೋಶಗಳು ಬೇರೆಯದೇ ಜಾತಿಯವು. ಅವುಗಳ ಮೈಮೇಲೆ ಸಿಡಿ163 ಎಂಬ ಕೈ ಇರುತ್ತದೆ. ಹಿಮೋಗ್ಲೋಬಿನ್ನನ್ನು ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನ್ ಹಿಡಿದುಕೊಟ್ಟರೆ, ಈ ಕೈ ಅದನ್ನು ಒಳಗೆಳೆದುಕೊಳ್ಳುತ್ತದೆ. ಒಳಗೆ ಹೀಮ್ ಆಕ್ಸಿಜಿನೇಸ್ ಅದನ್ನು ಒಡೆಯುತ್ತದೆ. ಇಂಥ ಕೋಶ ಕೊಬ್ಬು ನುಂಗಿ ನೊರೆಕೋಶವಾಗುವುದಿಲ್ಲ, ಕೊಲೆಸ್ಟರಾಲನ್ನು ಹೊರಗೆ ಕಳಿಸುತ್ತದೆ. ರಕ್ಷಣೆಯ ಚಿತ್ರ ಇದಕ್ಕಿಂತ ಚೊಕ್ಕವಾಗಿ ಇನ್ನೆಲ್ಲೂ ಸಿಗದು. ಆದರೆ 2018ರಲ್ಲಿ ಅಮೆರಿಕದ ಅಲೋಕ್ ಫಿನ್ ತಂಡ ಇದೇ ಕೋಶಗಳ ಇನ್ನೊಂದು ಮುಖ ತೋರಿಸಿತು. ಕಬ್ಬಿಣ ಹೊರಕ್ಕೆ ಸಾಗಿಸಿದ ಈ ಕೋಶಗಳು ಹೊಸ ನಾಳ ಬೆಳೆಸುವ ಸೂಚನೆ ಹೊರಡಿಸುತ್ತವೆ. ಅಂದರೆ ಸೋರುವ ನಾಳಗಳು ಇನ್ನಷ್ಟು. ಸೋರಿಕೆ ಒರೆಸಲು ಬಂದವರೇ ಸೋರಿಕೆಗೆ ದಾರಿ ಮಾಡುತ್ತಾರೆ.

ನಮ್ಮವರಿಗೆ ಇಲ್ಲಿ ಒಂದು ನೇರ ಸಂಬಂಧವಿದೆ. ಹ್ಯಾಪ್ಟೋಗ್ಲೋಬಿನ್‌ನಲ್ಲಿ 1-1, 2-1, 2-2 ಎಂಬ ಮೂರು ಮಾದರಿ. ಭಾರತೀಯರಲ್ಲಿ 2-2 ಮಾದರಿಯೇ ಹೆಚ್ಚು. ಅದು ಗಾತ್ರದಲ್ಲಿ ದೊಡ್ಡದು, ಹಿಮೋಗ್ಲೋಬಿನ್ ವಿಲೇವಾರಿಯಲ್ಲಿ ಹಿಂದೆ. ಇಸ್ರೇಲಿನ ಹೈಫಾದ ಆಂಡ್ರ್ಯೂ ಲೆವಿ ಗುಂಪು ಮಧುಮೇಹ ಮತ್ತು 2-2 ಎರಡೂ ಇದ್ದವರಿಗೆ ಹೃದಯದ ಅಪಾಯ ಬಹಳ ಹೆಚ್ಚು ಎಂದು ತೋರಿಸಿತು. ಅಂಥ 1,434 ಮಧುಮೇಹಿಗಳಿಗೆ ಇ ಜೀವಸತ್ವ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿ ಹುಸಿ ಮಾತ್ರೆಯವರಲ್ಲಿ ಶೇ 4.7, ಜೀವಸತ್ವದವರಲ್ಲಿ ಶೇ 2.2. ಎಲ್ಲರಿಗೂ ಇ ಜೀವಸತ್ವ ಕೊಟ್ಟ ದೊಡ್ಡ ಪ್ರಯೋಗಗಳು ಸೋತದ್ದು ಎಲ್ಲರಿಗೂ ಗೊತ್ತು. ಯಾರಿಗೆ ಕೊಡಬೇಕೆಂದು ಆರಿಸಿ ಕೊಟ್ಟದ್ದರಿಂದ ಫಲ ಬಂತೇ ಎಂಬುದನ್ನು ದೊಡ್ಡ ಮಟ್ಟದಲ್ಲಿ ನೋಡಲು ಭಾರತಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೂರನೇ ಉತ್ಪನ್ನವಾದ ಕಬ್ಬಿಣದ ವಿರುದ್ಧದ ದೂರು ಹಳೆಯದು. ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಹೃದಯಾಘಾತ ಕಡಿಮೆ ಇರುವುದು ಕಬ್ಬಿಣ ಕಡಿಮೆ ಇರುವುದರಿಂದ ಎಂದು ಜೆರೋಮ್ ಸಲಿವನ್ 1981ರಲ್ಲಿ ವಾದಿಸಿದರು. ಕಾಲಿನ ರಕ್ತನಾಳ ಕಾಯಿಲೆ ಇದ್ದ 1,277 ಮಂದಿಯ ಪ್ರಯೋಗದಲ್ಲಿ ಅರ್ಧ ಜನರಿಂದ ರಕ್ತ ತೆಗೆದು ಕಬ್ಬಿಣ ಇಳಿಸಿದರು. 2007ರಲ್ಲಿ ಬಂದ ಫಲಿತಾಂಶದಲ್ಲಿ ಸಾವಿನ ಪ್ರಮಾಣ ಒಟ್ಟಾರೆ ಬದಲಾಗಲಿಲ್ಲ. ರಕ್ತದಲ್ಲಿ ಓಡಾಡುವ ಕಬ್ಬಿಣವೇ ಬೇರೆ, ಪ್ಲೇಕಿನೊಳಗೆ ಸಿಕ್ಕಿದ ಕಬ್ಬಿಣವೇ ಬೇರೆ ಎಂದು ಇದನ್ನು ಓದುವುದು ಸರಿ.

ಎದುರು ಸಾಕ್ಷ್ಯವೂ ಇದೆ, ಅದನ್ನು ರಕ್ಷಕ ಪಂಥದವರು ಪಕ್ಕಕ್ಕೆ ತಳ್ಳಿಬಿಡುತ್ತಾರೆ. 2014ರಲ್ಲಿ ವಿಯೆನ್ನಾ ಮತ್ತು ಫ್ರೈಬುರ್ಗ್‌ನ ವಿಜ್ಞಾನಿಗಳು ಭಕ್ಷಕ ಕೋಶ ಹಾಗೂ ಯಕೃತ್ತಿನಲ್ಲಿ ಈ ಕಿಣ್ವ ತೆಗೆದ ಇಲಿಗಳಲ್ಲಿ ಇನ್ಸುಲಿನ್ ಪ್ರತಿರೋಧ ಕಡಿಮೆಯಾದದ್ದನ್ನು ಕಂಡರು, ಬೊಜ್ಜಿರುವ ಮನುಷ್ಯರಲ್ಲೂ ಕಿಣ್ವ ಹೆಚ್ಚಿದ್ದಷ್ಟೂ ಚಯಾಪಚಯ ಕೆಟ್ಟಿರುವುದನ್ನು ನೋಡಿದರು. ಕಿಣ್ವವನ್ನು ಏರಿಸುವ ಎನ್‌ಆರ್‌ಎಫ್-2 ಇಲ್ಲದ ಇಲಿಗಳಲ್ಲಿ ಪ್ಲೇಕ್ ಕಡಿಮೆಯಾದ ಉದಾಹರಣೆಯೂ ಉಂಟು. ಯಾವ ಕೋಶ, ಎಷ್ಟು ಹೊತ್ತು, ಯಾವ ಹಂತ ಎಂಬುದನ್ನು ಬಿಟ್ಟು ಕಿಣ್ವ ಒಳ್ಳೆಯದೇ ಕೆಟ್ಟದೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಔಷಧಿಯ ಕಥೆಯಲ್ಲಿ ಬಿಲಿರುಬಿನ್‌ನ ಸ್ಟಾಕರ್ ಮತ್ತೆ ಬರುತ್ತಾರೆ. ಪ್ರೊಬುಕಾಲ್ ಎಂಬ ಹಳೆಯ ಕೊಲೆಸ್ಟರಾಲ್ ಮಾತ್ರೆ ಅಮೆರಿಕದ ಮಾರುಕಟ್ಟೆಯಿಂದ ಎದ್ದುಹೋದದ್ದು 1995ರಲ್ಲಿ. ಅದು ನಾಳವನ್ನು ಕಾಪಾಡುತ್ತಿದ್ದದ್ದು ಆಂಟಿಆಕ್ಸಿಡೆಂಟ್ ಆಗಿ ಅಲ್ಲ, ಹೀಮ್ ಆಕ್ಸಿಜಿನೇಸ್ ಏರಿಸುವುದರಿಂದ ಎಂದು ಅವರ ತಂಡ 2006ರಲ್ಲಿ ತೋರಿಸಿತು. ಅದರ ಸುಧಾರಿತ ರೂಪ ಸಕ್ಸಿನೊಬುಕಾಲನ್ನು ಹೃದಯಾಘಾತ ಅಥವಾ ಅಂಥ ತುರ್ತು ಹೃದಯನಾಳ ತೊಂದರೆಯಾದ ಆರು ಸಾವಿರಕ್ಕೂ ಹೆಚ್ಚು ಮಂದಿಗೆ ಕೊಟ್ಟ ಪ್ರಯೋಗ 2008ರಲ್ಲಿ ಪ್ರಕಟವಾದಾಗ ಮುಖ್ಯ ಗುರಿಯಲ್ಲಿ ಯಾವ ಲಾಭವೂ ಕಾಣಲಿಲ್ಲ, ಕೆಟ್ಟ ಕೊಲೆಸ್ಟರಾಲ್ ಏರಿತ್ತು. ಕೋಶಗಳ ಮೇಲಿನ ಪ್ರಯೋಗಗಳಲ್ಲಿ ಸ್ಟ್ಯಾಟಿನ್, ಆಸ್ಪಿರಿನ್ ಎರಡೂ ಈ ಕಿಣ್ವವನ್ನು ಏರಿಸುತ್ತವೆ. ಆದರೆ ಅವು ಜೀವ ಉಳಿಸುವುದಕ್ಕೆ ಬೇರೆ ಸಾಬೀತಾದ ಕಾರಣಗಳಿವೆ. ಅರಿಶಿನದ ಕರ್ಕ್ಯುಮಿನ್ ಕೂಡ ದನದ ರಕ್ತನಾಳದ ಕೋಶಗಳಲ್ಲಿ ಕಿಣ್ವವನ್ನು ಜೋರಾಗಿ ಎಬ್ಬಿಸಿದ್ದನ್ನು ಮೋಟರ್‌ಲಿನಿ 2000ದಲ್ಲಿ ತೋರಿಸಿದ್ದರು. ಅಂದಿನಿಂದ ಅರಿಶಿನದ ಹಾಲಿನ ಜಾಹೀರಾತುಗಳಿಗೆ ಹಬ್ಬ. ಬಟ್ಟಲಿನ ಕೋಶಕ್ಕೆ ಹಾಕಿದ ಪ್ರಮಾಣ ಹಾಲು ಕುಡಿದವರ ರಕ್ತ ಸೇರುವುದಿಲ್ಲ, ಏಕೆಂದರೆ ಕರುಳು ಕರ್ಕ್ಯುಮಿನ್ನನ್ನು ಹೀರಿಕೊಳ್ಳುವುದೇ ಅತ್ಯಲ್ಪ, ಹೀರಿದ್ದನ್ನೂ ಯಕೃತ್ತು ಕೂಡಲೇ ಬದಲಿಸಿ ಕಳಿಸುತ್ತದೆ.

ಇಷ್ಟು ಸೋಲುಗಳಿಗೆ ಒಂದು ಸಮಾನ ಕಾರಣವಿದೆ. ಯಾರ ಪ್ಲೇಕಿನೊಳಗೆ ರಕ್ತ ಸೋರಿದೆ ಎಂದು ನೋಡದೆ ಎಲ್ಲ ರೋಗಿಗಳನ್ನೂ ಒಟ್ಟಿಗೆ ಸೇರಿಸಿ ಪರೀಕ್ಷಿಸಲಾಯಿತು. ಕುತ್ತಿಗೆಯ ಕ್ಯಾರೋಟಿಡ್ ಅಪಧಮನಿಯಲ್ಲಾದರೂ ಈಗ ಎಂಆರ್‌ಐನಲ್ಲಿ ಅಂಥ ರಕ್ತಸ್ರಾವ ಬೆಳ್ಳಗೆ ಹೊಳೆದು ಕಾಣುತ್ತದೆ, ಪಾರ್ಶ್ವವಾಯುವಿನ ಅಪಾಯವನ್ನೂ ಮುಂಚಿತವಾಗಿ ಹೇಳುತ್ತದೆ. ಹೀಮ್ ಒಡೆಯುವುದನ್ನು ಹೆಚ್ಚಿಸುವ ಔಷಧಿಯನ್ನು ಪರೀಕ್ಷಿಸುವುದಿದ್ದರೆ ಆ ಬಿಳಿ ಕಲೆ ಇರುವವರಿಂದಲೇ ಶುರುಮಾಡಬೇಕು, ಔಷಧಿಯ ಜೊತೆ ಕಬ್ಬಿಣದ ಗತಿಯನ್ನೂ ಅಳೆಯಬೇಕು.